1907ರ ತೊಡಕು: ಗ್ರೇಮಿಯೊ ಕ್ಲಬ್ಬಿನ ಚರಿತ್ರೆಯಲ್ಲಿ ಲುಪಿಸೀನಿಯೊ ಸಾಕ್ಷ್ಯದ ಮರುಪರಿಶೀಲನೆ

ಲುಪಿಸೀನಿಯೊ ರೊಡ್ರಿಗಸ್ 1963ರಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯ ‘ಉಲ್ಟಿಮಾ ಓರಾ’ ಪತ್ರಿಕೆಗೆ ಬರೆದ ಒಂದು ಅಂಕಣಕ್ಕೆ ಅಲ್ಲಿನ ಫುಟ್‌ಬಾಲ್ ಕ್ಲಬ್ಬಾದ ಗ್ರೇಮಿಯೊದ ಚರಿತ್ರೆಕಾರರ ಎರಡೂ ಬಣಗಳು ಅನ್ಯಾಯ ಮಾಡಿವೆ. ಒಂದು ಬಣ ಅದನ್ನು ಶಾಸನದಂತೆ ಒಪ್ಪಿಕೊಂಡಿತು. ಇನ್ನೊಂದು ಬಣ ಅದರಲ್ಲಿ 1907 ಎಂಬ ಇಸವಿ ಕಂಡದ್ದೇ ತಡ, ಇಡೀ ಬರಹವನ್ನು ಕಟ್ಟುಕತೆಯೆಂದು ತಳ್ಳಿಹಾಕಿತು. ನನ್ನ ತಕರಾರು ಮುಖ್ಯವಾಗಿ ಎರಡನೆಯವರ ಜೊತೆಗೆ. ಮೊದಲನೆಯವರು ಅಭಿಮಾನಿಗಳು, ಅವರಿಗೆ ರಿಯಾಯಿತಿ ಕೊಡಬಹುದು. ಇವರಾದರೋ ಆಕರ ವಿಮರ್ಶೆಯ ಹೆಸರು ಹೇಳಿಕೊಂಡು ಆಕರವನ್ನೇ ಪೂರ್ತಿ ಓದಲಿಲ್ಲ.

ಲುಪಿಸೀನಿಯೊ ಕಪ್ಪು ಜನರ ಬಡಾವಣೆಯಾದ ಇಲ್ಯೋಟಾದಲ್ಲಿ 1914ರಲ್ಲಿ ಹುಟ್ಟಿದ ಹಾಡುಗಾರ. ಗ್ರೇಮಿಯೊಗೆ ಐವತ್ತು ತುಂಬಿದ 1953ರಲ್ಲಿ ಅದರ ಗೀತೆ ಕಟ್ಟಿದವನೂ ಅವನೇ. ಜರ್ಮನ್ ಮೂಲದವರ, ಸಿರಿವಂತರ ಕ್ಲಬ್ಬೆಂದು ಹೆಸರಾದ ತಂಡಕ್ಕೆ ಒಬ್ಬ ಕಪ್ಪು ಮನುಷ್ಯ ಹೇಗೆ ಒಲಿದ? ಅಂಕಣ ಬರೆದದ್ದೇ ಈ ಪ್ರಶ್ನೆಗೆ ಉತ್ತರವಾಗಿ. ಅದರ ತಾತ್ಪರ್ಯ ಇಷ್ಟು: 1907ರಲ್ಲಿ ಕೆಲವು ಮಿಶ್ರವರ್ಣದ ಯುವಕರು ರಿಯೊ-ಗ್ರಾಂಡೆನ್ಸೆ ಎಂಬ ತಂಡ ಕಟ್ಟಿದರು, ಅವರಲ್ಲಿ ತನ್ನ ತಂದೆಯೂ ಒಬ್ಬ. ಆ ತಂಡ ನಗರದ ಲೀಗಿಗೆ ಸೇರಲು ಹೊರಟಾಗ ಅದೇ ನಗರದ ಇಂಟರ್‌ನಾಸಿಯೊನಾಲ್ ಕ್ಲಬ್ಬು ಅದರ ವಿರುದ್ಧ ಮತ ಹಾಕಿತು. ನೊಂದ ಆ ಜನ ಇಂಟರ್‌ನಾಸಿಯೊನಾಲ್‌ನ ಸೋಲನ್ನೇ ಬಯಸಿದರು. ಅದರ ಕಡು ಎದುರಾಳಿ ಗ್ರೇಮಿಯೊ ಅವರ ತಂಡವಾಯಿತು.

ಇಲ್ಲಿಗೆ ವಿಮರ್ಶಕರು ಕೈ ತಟ್ಟುತ್ತಾರೆ. ಪೊಪ್ಪೆ ಸೋದರರು ಇಂಟರ್‌ನಾಸಿಯೊನಾಲ್ ಸ್ಥಾಪಿಸಿದ್ದು 1909ರ ಏಪ್ರಿಲ್ 4ರಂದು. ಹುಟ್ಟದೇ ಇದ್ದ ಕ್ಲಬ್ಬು 1907ರಲ್ಲಿ ಮತ ಹಾಕುವುದೆಂತು? ಪ್ರಶ್ನೆ ಸರಿ, ಆದರೆ ಕೇಳಬೇಕಾದ ಜಾಗ ಅದಲ್ಲ. ಅಂಕಣದಲ್ಲಿ 1907 ಎಂಬುದು ತಂಡ ಕಟ್ಟಿದ ವರ್ಷವೇ ಹೊರತು ಮತ ಬಿದ್ದ ವರ್ಷವಲ್ಲ. ಲೀಗಿನ ಮಾತು ಬರುವುದು ಅದಾದ ಮೇಲೆ, ಇಸವಿಯಿಲ್ಲದೆ. ಪೋರ್ಟೊ ಅಲೆಗ್ರೆಯಲ್ಲಿ ಲೀಗು ಆರಂಭವಾದದ್ದೇ 1910ರಲ್ಲಿ; ಆದ್ದರಿಂದ ಮತದಾನ ನಡೆದಿದ್ದರೆ ಅದಕ್ಕೂ ಈಚೆಗೇ ನಡೆದಿರಬೇಕು, ಆ ಹೊತ್ತಿಗೆ ಇಂಟರ್‌ನಾಸಿಯೊನಾಲ್ ಗ್ರೇಮಿಯೊ ಎದುರು ಮೊದಲ ಪಂದ್ಯ ಆಡಿ 10–0ರಲ್ಲಿ ಸೋತೂ ಆಗಿತ್ತು (1909ರ ಜುಲೈ 18). ಎರಡು ಘಟನೆಗಳನ್ನು ಒಂದೇ ವರ್ಷಕ್ಕೆ ಕಟ್ಟಿ, ಆ ಗಂಟನ್ನು ಲುಪಿಸೀನಿಯೊನ ತಲೆಗೆ ಕಟ್ಟಿದವರು ಓದುಗರೇ. ತಂದೆಯಿಂದ ಕೇಳಿದ್ದನ್ನು ಐವತ್ತು ವರ್ಷದ ಮೇಲೆ ಬರೆಯುವಾಗ ನೆನಪು ಸವೆದಿರುತ್ತದೆ, ನಿಜ. ಆದರೆ ಇಲ್ಲಿ ಎಡವಿದ್ದು ನೆನಪಲ್ಲ.

ಬಿಳಿಯರ ಲೀಗು ಬಾಗಿಲು ಹಾಕಿದ್ದಕ್ಕೆ ಬೇರೆ ಪುರಾವೆ ಹುಡುಕಬೇಕಾಗಿಯೂ ಇಲ್ಲ. ನಗರದ ಕಪ್ಪು ಆಟಗಾರರು ತಮ್ಮದೇ ಲೀಗು ಕಟ್ಟಿಕೊಂಡರು. ಜನ ಅದನ್ನು ‘ಕಪ್ಪು ಮುಂಗಾಲಿನ ಲೀಗ್’ ಎಂದು ಹಂಗಿಸಿ ಕರೆದರು. ಒಳಗೆ ಜಾಗವಿದ್ದಿದ್ದರೆ ಯಾರೂ ಹೊರಗೆ ಬೇರೆ ಅಂಗಳ ಹುಡುಕುತ್ತಿರಲಿಲ್ಲ. ‘ಜನರ ಕ್ಲಬ್ಬು’ ಎಂಬ ಬಿರುದನ್ನು ಹೆಮ್ಮೆಯಿಂದ ಹೊತ್ತ ಇಂಟರ್‌ನಾಸಿಯೊನಾಲ್‌ನ ಕಡೆಯವರಿಗೆ ಈ ಭಾಗ ಹಿಡಿಸದಿರುವುದು ಸಹಜ. (ಅವರು 1907ರ ‘ತಪ್ಪನ್ನು’ ಇಷ್ಟು ಉತ್ಸಾಹದಿಂದ ಎತ್ತಿ ತೋರಿಸುವುದು ಬರೀ ಕಾಲಾನುಕ್ರಮದ ಮೇಲಿನ ಕಾಳಜಿಯಿಂದ ಎಂದು ನಂಬುವುದು ನನಗೆ ಕಷ್ಟ.)

ಹಾಗೆಂದು ಅಂಕಣದ ಪ್ರತಿ ಮಾತೂ ನಿಲ್ಲುತ್ತದೆಂದಲ್ಲ. ಗ್ರೇಮಿಯೊ ಕಪ್ಪು ಜನರನ್ನು ಎಲ್ಲರಿಗಿಂತ ತಡವಾಗಿ ಸೇರಿಸಿಕೊಂಡಿತೆಂದು ಲುಪಿಸೀನಿಯೊ ಒಪ್ಪಿಕೊಳ್ಳುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ: ಮೈದಾನವನ್ನು ದಾನ ಕೊಟ್ಟವರು ಜರ್ಮನ್ನರು, ಬಣ್ಣದವರನ್ನು ಸೇರಿಸಿದರೆ ಮೈದಾನ ಕೈತಪ್ಪುತ್ತದೆಂಬ ಕಲಮು ನಿಯಮಾವಳಿಯಲ್ಲಿತ್ತು, ಈಗ ಅದು ರದ್ದಾಗಿದೆ. ತಾನು ಪ್ರೀತಿಸಿದ ಕ್ಲಬ್ಬಿನ ಪಾಪವನ್ನು ದಾನಿಗಳ ಲೆಕ್ಕಕ್ಕೆ ಬರೆಯುವ ಜಾಣ ವಕಾಲತ್ತು ಇದು. ಕ್ಲಬ್ಬನ್ನು ಹಳಿಯುವವರೂ ಇದನ್ನೇ ಆಧಾರವಾಗಿ ಹಿಡಿಯುತ್ತಾರೆಂಬುದು ವಿಚಿತ್ರ. ಕಲಮನ್ನು ಸಾಬೀತು ಮಾಡಬೇಕಾದದ್ದು ನಿಯಮಾವಳಿಯ ಪುಟದಿಂದ. ಅಂಕಣಕಾರನ ಮಾತಿನಿಂದ ಆಗದು.

ಕಲಮಿನ ಕತೆಗೆ ದೊಡ್ಡ ಅಡ್ಡಿ ಆದಾಂವ್ ಲೀಮಾ. ಮಿಶ್ರವರ್ಣದ ಈ ಆಟಗಾರ 1925ರಿಂದ ಸುಮಾರು ಒಂದು ದಶಕ ಗ್ರೇಮಿಯೊ ಪರವಾಗಿ ಆಡಿದ. ಷರತ್ತು ಅಷ್ಟು ಬಿಗಿಯಾಗಿದ್ದರೆ ಆ ಮೈದಾನ, ಅಂದರೆ ಬೈಶಾಡಾ, ಆಗಲೇ ಕೈಬಿಟ್ಟು ಹೋಗಬೇಕಿತ್ತು. ಆದರೆ 1954ರಲ್ಲಿ ಒಲಿಂಪಿಕೊ ಕ್ರೀಡಾಂಗಣ ಏಳುವ ತನಕ ಗ್ರೇಮಿಯೊ ಆಡಿದ್ದು ಅಲ್ಲಿಯೇ. ಲೀಮಾನ ಹೆಸರು ಹಿಡಿದು ‘ಭೇದವೇ ಇರಲಿಲ್ಲ’ ಎನ್ನುವವರಿಗೆ ಉತ್ತರ ಕ್ಲಬ್ಬೇ ಕೊಟ್ಟಿದೆ: 1952ರಲ್ಲಿ ಇಂಟರ್‌ನಾಸಿಯೊನಾಲ್‌ನ ಮಾಜಿ ತಾರೆ ಟೆಸೊರಿನ್ಯಾನನ್ನು ಕರೆಸಿಕೊಂಡಾಗ ಅದು ಬಣ್ಣದ ಅಡ್ಡಗೋಡೆಯನ್ನು ಕೈಬಿಟ್ಟೆನೆಂದು ಬಹಿರಂಗವಾಗಿ ಸಾರಿತು. ಇಲ್ಲದ ಗೋಡೆಯನ್ನು ಯಾರೂ ಹೀಗೆ ಸಾರಿ ಕೆಡವುವುದಿಲ್ಲ. ಅದು ಕಾಗದದ ಮೇಲೆ ಇತ್ತೋ ಇಲ್ಲವೋ, ಆಯ್ಕೆ ಮಾಡುವವರ ರೂಢಿಯಲ್ಲಂತೂ ಇತ್ತು. ಲೀಮಾನಂಥ ಒಬ್ಬಿಬ್ಬರಿಗೆ ಅದು ದಾರಿ ಬಿಟ್ಟಿತು, ಉಳಿದವರಿಗೆ ಬಿಡಲಿಲ್ಲ.