ಕೆಲಸ ಮಾಡುತ್ತಲೇ ಆರ್ಕಿಟೆಕ್ಟ್ ಆಗಬಹುದಾ? ‘ದೂರಶಿಕ್ಷಣದ ಬಿ.ಆರ್ಕ್’ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಹಾವೇರಿ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್ - ಯಾವ ಊರಿಗೆ ಹೋದರೂ ಮನೆ ಪ್ಲಾನ್ ಹಾಕಿಕೊಡುವ ಆಫೀಸ್ ಕಾಣಸಿಗುತ್ತದೆ. ಒಳಗೆ ಆಟೋಕ್ಯಾಡ್ ತೆರೆದು ಕೂತವರು ಹೆಚ್ಚಾಗಿ ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿದ ಹುಡುಗ-ಹುಡುಗಿಯರು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಪ್ಲಾನ್, ಎಲಿವೇಶನ್, ಎಸ್ಟಿಮೇಟ್ ಎಲ್ಲವೂ ಅವರ ಕೈಯಲ್ಲೇ ಆಗುತ್ತಿರುತ್ತದೆ. ಸಹಿ ಮಾತ್ರ ಬೇರೆಯವರದು. ಆಗ ಏಳುವ ಪ್ರಶ್ನೆ ಒಂದೇ: ಕೆಲಸ ಬಿಡದೆ, ಮನೆಯಲ್ಲೇ ಓದಿ ಆರ್ಕಿಟೆಕ್ಟ್ ಆಗಬಹುದಾ?

ಇದಕ್ಕೆ ‘ಆಗಬಹುದು, ಮೂರೇ ವರ್ಷದಲ್ಲಿ ಸರ್ಟಿಫಿಕೇಟ್ ಕೊಡಿಸುತ್ತೇವೆ’ ಎನ್ನುವವರೂ ಸಿಗುತ್ತಾರೆ. ಅದನ್ನು ನಂಬುವ ಮೊದಲು ಕಾನೂನು ಏನು ಹೇಳುತ್ತದೆ ನೋಡುವುದು ಒಳ್ಳೆಯದು.

ಭಾರತದಲ್ಲಿ ಆರ್ಕಿಟೆಕ್ಟ್ ಯಾರು ಎಂಬುದನ್ನು ನಿರ್ಧರಿಸುವುದು 1972ರ ವಾಸ್ತುಶಿಲ್ಪಿಗಳ ಕಾಯ್ದೆ. ಅದರಡಿ ದೆಹಲಿಯಲ್ಲಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಎಂಬ ಸಂಸ್ಥೆ ಇದೆ. ಮಾನ್ಯತೆ ಇರುವ ಪದವಿ ಪಡೆದು ಅಲ್ಲಿ ಹೆಸರು ನೋಂದಾಯಿಸಿದವರಷ್ಟೇ ‘ಆರ್ಕಿಟೆಕ್ಟ್’ ಎಂದು ಬರೆದುಕೊಳ್ಳಬಹುದು. ಆ ಪದವಿ ಎಂದರೆ ಈಗ ಐದು ವರ್ಷ, ಹತ್ತು ಸೆಮಿಸ್ಟರ್‌ಗಳ ಪೂರ್ಣಾವಧಿ ಬಿ.ಆರ್ಕ್. ಅಂಚೆ ಮೂಲಕ, ಆನ್‌ಲೈನ್‌ನಲ್ಲಿ ಅಥವಾ ಭಾನುವಾರದ ಕ್ಲಾಸಿನಲ್ಲಿ ಪಡೆದ ಬಿ.ಆರ್ಕ್‌ಗೆ ಕೌನ್ಸಿಲ್‌ನ ಮಾನ್ಯತೆ ಇಲ್ಲ. ಯುಜಿಸಿ ಕೂಡ ದೂರಶಿಕ್ಷಣದಲ್ಲಿ ಕಲಿಸಬಾರದ ಕೋರ್ಸ್‌ಗಳ ಪಟ್ಟಿಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ನರ್ಸಿಂಗ್ ಜೊತೆ ಆರ್ಕಿಟೆಕ್ಚರನ್ನೂ ಸೇರಿಸಿದೆ. ಬಿ.ಎ., ಬಿ.ಕಾಂ.ಗಳನ್ನು ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿದರೆ ತೊಂದರೆಯಿಲ್ಲ. ಬಿ.ಆರ್ಕ್ ವಿಷಯ ಬೇರೆ.

ಇಂಟೀರಿಯರ್ ಡಿಸೈನ್, ಬಿಲ್ಡಿಂಗ್ ಡಿಸೈನ್ ಎಂಬ ಹೆಸರಿನ ಆನ್‌ಲೈನ್ ಕೋರ್ಸ್‌ಗಳಿವೆ. ಕೆಲಸ ಕಲಿಯಲು ಅವು ಉಪಯೋಗಕ್ಕೆ ಬಂದಾವು. ಆದರೆ ಅವುಗಳಿಂದ ಕೌನ್ಸಿಲ್ ನೋಂದಣಿ ಸಿಗುವುದಿಲ್ಲ.

ದುಡ್ಡು ಕಟ್ಟಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಎಂಜಿನಿಯರಿಂಗ್‌ನಲ್ಲೇ ದೊಡ್ಡ ಉದಾಹರಣೆ ಇದೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಬಿ.ಇ., ಬಿ.ಟೆಕ್ ಕೊಟ್ಟಿದ್ದವು. ಓದಿದವರಲ್ಲಿ ಡಿಪ್ಲೊಮಾ ಮುಗಿಸಿ ನೌಕರಿಯಲ್ಲಿದ್ದವರೂ ಇದ್ದರು. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. 2001ರಿಂದ 2005ರ ನಡುವೆ ಸೇರಿದವರ ಪದವಿ ಅಮಾನತಾಗಿ, ಅವರು ಎಐಸಿಟಿಇ ಪರೀಕ್ಷೆ ಪಾಸು ಮಾಡಬೇಕಾಯಿತು. ಆಮೇಲೆ ಸೇರಿದವರ ಪದವಿ ರದ್ದೇ ಆಯಿತು. ಆ ಪದವಿ ತೋರಿಸಿ ಬಡ್ತಿ ಪಡೆದವರ ಗತಿ ಏನಾಗಿರಬೇಡ!

ಹಿಂದೆ ಎಲ್ಲರೂ ಕಾಲೇಜಿಗೆ ಹೋಗಿಯೇ ಆರ್ಕಿಟೆಕ್ಟ್ ಆಗಿದ್ದಲ್ಲ. 1972ರ ಕಾಯ್ದೆ ಬಂದಾಗ, ಪದವಿ ಇಲ್ಲದಿದ್ದರೂ ಅದಕ್ಕೆ ಮೊದಲು ಕನಿಷ್ಠ ಐದು ವರ್ಷ ಆರ್ಕಿಟೆಕ್ಟ್ ಆಗಿ ವೃತ್ತಿ ನಡೆಸಿದ್ದವರಿಗೆ ನೋಂದಣಿಗೆ ಅವಕಾಶ ಕೊಟ್ಟಿತ್ತು. ಅದು ಆ ತಲೆಮಾರಿಗಷ್ಟೇ ಇದ್ದ ಬಾಗಿಲು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಸಂಸ್ಥೆಯ ಸದಸ್ಯತ್ವವೂ ಕಾಯ್ದೆಯ ಅರ್ಹತೆಗಳ ಪಟ್ಟಿಯಲ್ಲಿದೆ. ಆಫೀಸಿನಲ್ಲಿ ದುಡಿಯುತ್ತಾ ಅದರ ಪರೀಕ್ಷೆ ಬರೆದು ಮೇಲೆ ಬಂದ ಹಿರಿಯರಿದ್ದಾರೆ. ‘ನಮ್ಮ ಸರ್ ಕಾಲೇಜಿಗೇ ಹೋಗಿರಲಿಲ್ಲ’ ಎನ್ನುವ ಮಾತು ಕೇಳಿದರೆ ಅದು ಸುಳ್ಳೇನೂ ಇರಲಿಕ್ಕಿಲ್ಲ, ಆದರೆ ಆ ಕಾಲದ್ದು. ಇವತ್ತು ಆ ಮಾತನ್ನು ನೆಚ್ಚಿಕೊಂಡು ಯಾರಿಗಾದರೂ ಫೀಸ್ ಕಟ್ಟಬಾರದು. ಎಂಜಿನಿಯರ್‌ಗಳ ಎಎಂಐಇ ಕಥೆಯೂ ಹೀಗೇ: 2013ರ ಮೇ 31ರವರೆಗೆ ಹೆಸರು ಹಚ್ಚಿದವರಿಗಷ್ಟೇ ಅದನ್ನು ಬಿ.ಇ.ಗೆ ಸಮ ಎಂದು ಒಪ್ಪಲಾಯಿತು.

ದೂರಶಿಕ್ಷಣ ಯಾಕೆ ಬೇಡ ಎನ್ನುತ್ತಾರೆ? ಬಿ.ಆರ್ಕ್‌ನ ಜೀವಾಳ ಇರುವುದು ಸ್ಟುಡಿಯೋದಲ್ಲಿ. ವಿದ್ಯಾರ್ಥಿ ಒಂದು ಡಿಸೈನ್ ಮಾಡುತ್ತಾನೆ, ಮೇಷ್ಟ್ರು ಪಕ್ಕದಲ್ಲಿ ಕೂತು ತಿದ್ದುತ್ತಾರೆ, ಮಾಡೆಲ್ ಕಟ್ಟಿ ತಂದು ಹೊರಗಿನಿಂದ ಬಂದ ಆರ್ಕಿಟೆಕ್ಟ್‌ಗಳ ಮುಂದೆ ನಿಂತು ಉತ್ತರ ಹೇಳಬೇಕು. ಅದಕ್ಕೇ ಒಂದು ತರಗತಿಗೆ 40 ಜನರ ಮಿತಿ. ಇದರಲ್ಲಿ ಅರ್ಥ ಇದೆ. ಆದರೆ ಹತ್ತು ವರ್ಷ ಸೈಟ್‌ನಲ್ಲಿ ನಿಂತು ಕಲಿತವನಿಗೆ ಒಂದು ಸೆಮಿಸ್ಟರ್‌ನಷ್ಟೂ ರಿಯಾಯಿತಿ ಇಲ್ಲ ಎನ್ನುವುದು ಮಾತ್ರ ಬಿಗಿಯಾಯಿತು.

ಅಮೆರಿಕದಲ್ಲಿ ಈ ಬಿಗಿ ಕಡಿಮೆ. 1889ರಲ್ಲಿ ಕ್ಲಬ್ ಆಗಿ ಶುರುವಾದ ಬಾಸ್ಟನ್ ಆರ್ಕಿಟೆಕ್ಚರಲ್ ಕಾಲೇಜು ಹೆಸರಾಗಿದ್ದೇ ಹಗಲು ಆಫೀಸಿನಲ್ಲಿ ಕೆಲಸ, ಸಂಜೆ ಕ್ಲಾಸು ಎಂಬ ಪದ್ಧತಿಯಿಂದ. ಅಲ್ಲಿ ಬಹುಪಾಲು ಆನ್‌ಲೈನ್‌ನಲ್ಲೇ ಓದುವ ಎಂ.ಆರ್ಕ್ ಕೂಡ ಇದೆ. ಆದರೆ ಪದವಿ ಸಿಕ್ಕಿದ ಮಾತ್ರಕ್ಕೆ ಅಲ್ಲಿ ಲೈಸೆನ್ಸ್ ಸಿಗುವುದಿಲ್ಲ. 3,740 ಗಂಟೆಗಳ ಅನುಭವವನ್ನು ದಾಖಲೆ ಸಮೇತ ತೋರಿಸಿ, ಆರು ಭಾಗದ ಪರೀಕ್ಷೆ ಪಾಸು ಮಾಡಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಆರ್ಕಿಟೆಕ್ಚರ್ ಪದವಿ ಇಲ್ಲದಿದ್ದರೂ ದಾರಿ ಇದೆ: ಓದು ಮತ್ತು ಕೆಲಸ ಸೇರಿ ಎಂಟು ವರ್ಷಕ್ಕೆ ಸಮನಾದ ಲೆಕ್ಕ ತೋರಿಸಬೇಕು, ಪರೀಕ್ಷೆಗಳಿಂದ ವಿನಾಯಿತಿ ಇಲ್ಲ. ಇಂಗ್ಲೆಂಡಿನಲ್ಲೂ 2018ರಿಂದ ಸಂಬಳ ಪಡೆಯುತ್ತಲೇ ಓದುವ ಅಪ್ರೆಂಟಿಸ್‌ಶಿಪ್ ಬಂದಿದೆ.

ನಮ್ಮಲ್ಲಿ ಲೆಕ್ಕ ಉಲ್ಟಾ. ಪದವಿ ಮುಗಿದ ಮೇಲೆ ಬೇರೆ ಲೈಸೆನ್ಸ್ ಪರೀಕ್ಷೆ ಇಲ್ಲ, ಇಷ್ಟು ವರ್ಷದ ಅನುಭವ ಬೇಕೆಂಬ ಷರತ್ತೂ ಇಲ್ಲ. ಹಾಗಾಗಿ ಪೂರ್ತಿ ಭಾರ ಆ ಐದು ವರ್ಷದ ಮೇಲೆ. ಇಲ್ಲಿ ಕೂತು ವಿದೇಶದ ಆನ್‌ಲೈನ್ ಪದವಿ ತಂದರೆ ನೋಂದಣಿ ತಾನಾಗಿ ಸಿಗುತ್ತದೆ ಎಂದು ತಿಳಿಯಬಾರದು. ವಿದೇಶಿ ಪದವಿಯ ಮಾನ್ಯತೆ ಬೇರೆಯೇ ಪ್ರಕ್ರಿಯೆ. ಸೇರುವ ಮೊದಲೇ ಕೌನ್ಸಿಲ್‌ಗೆ ಬರೆದು ಲಿಖಿತ ಉತ್ತರ ಪಡೆಯಬೇಕು.

ಹಾಗಾದರೆ ಕೆಲಸದಲ್ಲಿರುವವರು ಏನು ಮಾಡಬೇಕು?

ಮೊದಲ ದಾರಿ ನೇರವಾದದ್ದು, ಕಷ್ಟದ್ದೂ ಹೌದು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರು ಅಥವಾ ಗಣಿತ ಕಡ್ಡಾಯವಾಗಿದ್ದ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ‘ನಾಟಾ’ ಪರೀಕ್ಷೆ ಬರೆಯಬಹುದು. ಇದಕ್ಕೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಇಪ್ಪತ್ತೆಂಟಕ್ಕೆ ಬರೆದರೂ ನಡೆಯುತ್ತದೆ. ರಾಜ್ಯದಲ್ಲಿ ಕೆಇಎ ನಾಟಾ ಅಂಕ ಮತ್ತು ಅರ್ಹತಾ ಪರೀಕ್ಷೆಯ ಅಂಕವನ್ನು ಅರ್ಧರ್ಧ ಸೇರಿಸಿ ರ‍್ಯಾಂಕ್ ಕೊಟ್ಟು ಸೀಟು ಹಂಚುತ್ತದೆ. ನಾಟಾ ಬರೆದು ಸುಮ್ಮನೆ ಕೂತರೆ ಆಗಲ್ಲ. ಕೆಇಎಗೆ ಅರ್ಜಿ ಹಾಕಿ ಆ ಅಂಕವನ್ನು ಅಲ್ಲೂ ದಾಖಲಿಸಬೇಕು.

ಡಿಪ್ಲೊಮಾದವರು ಒಂದು ವಿಷಯ ಗಮನಿಸಬೇಕು. ಬಿ.ಇ.ಗೆ ಇರುವ ಹಾಗೆ ಎರಡನೇ ವರ್ಷಕ್ಕೆ ನೇರ ಪ್ರವೇಶ ಬಿ.ಆರ್ಕ್‌ನಲ್ಲಿ ಇಲ್ಲ. ಮೊದಲ ವರ್ಷದಿಂದಲೇ ಕೂರಬೇಕು. ಐಟಿಐ ಡ್ರಾಫ್ಟ್ಸ್‌ಮನ್ ಸಿವಿಲ್ ಎರಡು ವರ್ಷದ ಟ್ರೇಡ್. ಅದೊಂದನ್ನೇ ಇಟ್ಟುಕೊಂಡು ನಾಟಾಕ್ಕೆ ಅರ್ಹತೆ ಬರುವುದಿಲ್ಲ, ಮೊದಲು ಡಿಪ್ಲೊಮಾ ಅಥವಾ ಪಿಯುಸಿ ಆಗಬೇಕು. ದೂರಶಿಕ್ಷಣ ನಿಜವಾಗಿ ಕೆಲಸಕ್ಕೆ ಬರುವುದು ಈ ಹಂತದಲ್ಲಿ. ಕೆಲಸ ಬಿಡದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೇ ತರಗತಿ ಬರೆಯಬಹುದು. ಯಾವ ಯಾವ ವಿಷಯ ಸೇರಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಕೆಇಎ ಮಾಹಿತಿ ಪುಸ್ತಿಕೆ ನೋಡಿಯೇ ತೀರ್ಮಾನಿಸಿ.

ನಮ್ಮ ಕಡೆಯವರಿಗೆ ಹತ್ತಿರ ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿಯ ಗೋಗಟೆ ಕಾಲೇಜು. ವಿಜಯಪುರ, ಕಲಬುರಗಿ, ಮೈಸೂರು, ಮಂಗಳೂರಿನಲ್ಲೂ ಬಿ.ಆರ್ಕ್ ಇದೆ. ಬೆಂಗಳೂರಿನ ಯುವಿಸಿಇ ಸರ್ಕಾರಿ ಸಂಸ್ಥೆ.

ಓದುವಾಗ ಸಂಪಾದನೆ? ಪೂರ್ತಿ ನಿಲ್ಲಬೇಕಿಲ್ಲ. ಆಟೋಕ್ಯಾಡ್ ಕೈ ಪಳಗಿದವರು ರಜೆಯಲ್ಲಿ, ರಾತ್ರಿ ಹೊತ್ತು ಡ್ರಾಯಿಂಗ್ ಮಾಡಿಕೊಟ್ಟು ಖರ್ಚು ನೀಗಿಸಿಕೊಳ್ಳಬಹುದು. ಕೋರ್ಸಿನೊಳಗೇ ಒಂದು ಸೆಮಿಸ್ಟರ್ ಆರ್ಕಿಟೆಕ್ಟ್ ಆಫೀಸಿನಲ್ಲಿ ತರಬೇತಿ ಇರುತ್ತದೆ. ಆದರೆ ಹಾಜರಾತಿ, ಸಬ್ಮಿಷನ್‌ಗಳ ನಡುವೆ ದಿನದ ನೌಕರಿ ಸಾಧ್ಯವಿಲ್ಲ. ಫೀಸಿನ ಜೊತೆಗೆ ಶೀಟು, ಮಾಡೆಲ್ ಸಾಮಾನು, ಪ್ರಿಂಟ್, ಲ್ಯಾಪ್‌ಟಾಪ್ ಖರ್ಚನ್ನೂ ಮೊದಲೇ ಲೆಕ್ಕ ಹಾಕಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನು ಮರೆಯಬಾರದು.

ಐದು ವರ್ಷ ಕೊಡಲು ಆಗದವರಿಗೆ ಎರಡನೇ ದಾರಿ: ಡಿಪ್ಲೊಮಾ ಮೇಲೆ ಸಿವಿಲ್ ಬಿ.ಇ. ಲ್ಯಾಟರಲ್ ಎಂಟ್ರಿಯಲ್ಲಿ ಒಂದು ವರ್ಷ ಉಳಿಯುತ್ತದೆ. ಕೆಲಸದಲ್ಲಿರುವ ಡಿಪ್ಲೊಮಾದವರಿಗಾಗಿ ಕೆಲವು ಕಾಲೇಜುಗಳು ಎಐಸಿಟಿಇ ಒಪ್ಪಿಗೆಯಿಂದ ಅನುಕೂಲದ ವೇಳೆಯಲ್ಲಿ ತರಗತಿ ನಡೆಸುತ್ತವೆ. ಇವರು ಆಗುವುದು ಎಂಜಿನಿಯರ್. ಊರಲ್ಲಿ ಮನೆ, ಅಂಗಡಿ ಕಟ್ಟಡಗಳ ವೃತ್ತಿ ನಡೆಸಲು ಇದು ಸಾಕಾಗುತ್ತದೆ. ನಗರಸಭೆ, ಪುರಸಭೆ ಕೊಡುವ ಲೈಸೆನ್ಸ್ ಬೇರೆ, ಕೌನ್ಸಿಲ್ ನೋಂದಣಿ ಬೇರೆ. ಎರಡನ್ನೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ.

ಇಲ್ಲಿ 2020ರ ಮಾರ್ಚ್ 17ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಡಬೇಕು. ಕಾಯ್ದೆಯ 37ನೇ ಕಲಂ ತಡೆಯುವುದು ‘ಆರ್ಕಿಟೆಕ್ಟ್’ ಎಂಬ ಹೆಸರಿನ ಬಳಕೆಯನ್ನು, ಕಟ್ಟಡ ವಿನ್ಯಾಸದ ಕೆಲಸವನ್ನಲ್ಲ ಎಂದು ಕೋರ್ಟ್ ಹೇಳಿತು. ಅಂದರೆ ಪ್ಲಾನ್ ಬರೆದರೆ ಈ ಕಾಯ್ದೆಯಡಿ ತಪ್ಪಾಗುವುದಿಲ್ಲ. ನೋಂದಣಿ ಇಲ್ಲದೆ ಬೋರ್ಡ್ ಮೇಲೆ, ವಿಸಿಟಿಂಗ್ ಕಾರ್ಡ್ ಮೇಲೆ ‘ಆರ್ಕಿಟೆಕ್ಟ್’ ಎಂದು ಬರೆಸಿದರೆ ತಪ್ಪು. ‘ಡಿಸೈನರ್’, ‘ಪ್ಲಾನಿಂಗ್ ಅಂಡ್ ಎಸ್ಟಿಮೇಶನ್’ ಎಂದು ಹಾಕಿಸಿಕೊಂಡರೆ ಆ ತಕರಾರು ಬರುವುದಿಲ್ಲ. ಜಿಲ್ಲೆಯ ಕೆಲವು ಬೋರ್ಡ್‌ಗಳಿಗೆ ಪೇಂಟರ್‌ನನ್ನು ಕರೆಸುವುದು ಒಳ್ಳೆಯದೇನೋ!

ಸೇರಲಿರುವ ಕಾಲೇಜಿಗೆ ಆ ವರ್ಷ ಮಾನ್ಯತೆ ಇದೆಯೇ ಎಂಬುದನ್ನು ಕೌನ್ಸಿಲ್‌ನ ವೆಬ್‌ಸೈಟಿನ ಪಟ್ಟಿಯಲ್ಲಿ ನೋಡಬಹುದು. ಮನೆ ಕಟ್ಟಿಸುವವರೂ ತಮ್ಮ ಆರ್ಕಿಟೆಕ್ಟ್ ಹೆಸರನ್ನು ಅಲ್ಲೇ ಹುಡುಕಬಹುದು. ನೋಂದಣಿ ಸಂಖ್ಯೆ ‘ಸಿಎ’ ಅಕ್ಷರಗಳಿಂದ ಶುರುವಾಗಿ, ಮುಂದೆ ನೋಂದಣಿಯಾದ ವರ್ಷ, ಆಮೇಲೆ ಕ್ರಮಸಂಖ್ಯೆ ಇರುತ್ತದೆ. ದೂರಶಿಕ್ಷಣದ ಬಿ.ಆರ್ಕ್ ಕೊಡಿಸುತ್ತೇವೆ ಎಂದು ಬಂದವರಿಗೆ, ಅದನ್ನು ಓದಿದ ಒಬ್ಬರದಾದರೂ ಇಂಥ ಸಂಖ್ಯೆ ತೋರಿಸಿ ಎಂದು ಕೇಳಿದರೆ ಸಾಕು.