ಅಜ್ಜ ಎತ್ತಿಟ್ಟ ಹತ್ತಿ ಬೀಜ

ನಮ್ಮ ಅಜ್ಜನಿಗೆ ಕೊನೆಯವರೆಗೂ ಒಂದು ಸಿಟ್ಟಿತ್ತು. ಎಪ್ಪತ್ತರ ದಶಕದಲ್ಲಿ ಹಿರಿಯೂರು ಹತ್ತಿರದ ನಮ್ಮ ಎರೆಹೊಲಕ್ಕೆ 'ವರಲಕ್ಷ್ಮಿ' ಹತ್ತಿ ಹಾಕಿದ್ದರು. ಮೊದಲ ವರ್ಷ ಬೆಳೆ ಚೆನ್ನಾಗಿ ಬಂತು. ರಾಗಿ, ಜೋಳಕ್ಕೆ ಮಾಡುವ ಹಾಗೆಯೇ ಬೀಜ ಎತ್ತಿಟ್ಟರು. ಹೊಳಲ್ಕೆರೆಯ ಬೀಗರಿಗೂ ಒಂದಷ್ಟು ಕೊಟ್ಟರು. ಮರುವರ್ಷ ನೋಡಿದರೆ ಒಂದು ಗಿಡ ಆಳೆತ್ತರ, ಇನ್ನೊಂದು ಮೊಣಕಾಲುದ್ದ! ಬೀಗರ ಹೊಲದಲ್ಲೂ ಅದೇ ಕಥೆ. "ಬೀಜದಂಗಡಿಯವನು ಮೋಸ ಮಾಡ್ದ" ಎಂದು ಅಜ್ಜ, "ಕಾಯಿ ಕಟ್ಟದ ಬೀಜ ಕೊಟ್ರು" ಎಂದು ಬೀಗರು. ಎರಡು ಮನೆಗೂ ಮಾತು ನಿಂತಿತು.

ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ ಎಂದು ನನಗೆ ತಿಳಿದಿದ್ದು ಬಹಳ ತಡವಾಗಿ.

ವರಲಕ್ಷ್ಮಿ ಬಂದದ್ದು 1972ರಲ್ಲಿ, ಧಾರವಾಡದಿಂದ. ಡಾ. ಬಿ. ಎಚ್. ಕಟರಕಿಯವರು 'ಲಕ್ಷ್ಮಿ' ತಳಿಯನ್ನು ಬೇರೆಯೇ ಜಾತಿಯ, ಉದ್ದ ಎಳೆಯ ಹತ್ತಿಯೊಂದಿಗೆ ಕೂಡಿಸಿದ್ದರು. ಸಂಜೆ ಮೊಗ್ಗಿನ ಕೇಸರ ಕಿತ್ತು, ಬೆಳಿಗ್ಗೆ ಇನ್ನೊಂದರ ಪರಾಗ ಸವರಬೇಕು. ಒಂದೊಂದು ಹೂವಿಗೂ ಕೈಕೆಲಸ.

ಈ ಹತ್ತಿಯಲ್ಲಿ 26 ಜೊತೆ ಕ್ರೋಮೋಸೋಮುಗಳು. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಆದ್ದರಿಂದ ಮೊದಲ ವರ್ಷ ಎಲ್ಲ ಗಿಡವೂ ಒಂದೇ ತರ. ಆದರೆ ಆ ಗಿಡ ತನ್ನ ಪರಾಗ, ಅಂಡಗಳನ್ನು ಮಾಡುವಾಗ ಜೊತೆಯ ಎರಡೂ ಅಕ್ಕಪಕ್ಕ ಬರುತ್ತವೆ. ಬಿಳಿ ಹಗ್ಗ, ಕರಿ ಹಗ್ಗವನ್ನು ಒಂದೇ ಕಡೆ ಕತ್ತರಿಸಿ ಅದಲುಬದಲಾಗಿ ಗಂಟು ಹಾಕಿದಂತೆ ತುಂಡುಗಳು ವಿನಿಮಯವಾಗುತ್ತವೆ. ಇದೇ ಕ್ರಾಸಿಂಗ್ ಓವರ್. ಆಮೇಲೆ ಒಂದೊಂದು ಜೊತೆಯೂ ತನ್ನ ಪಾಡಿಗೆ ತಾನು ಬೇರ್ಪಡುತ್ತದೆ. ಇಷ್ಟೆಲ್ಲ ಕಲೆಸಿದ ಮೇಲೆ ಒಂದು ಬೀಜದ ಹಾಗೆ ಇನ್ನೊಂದು ಎಲ್ಲಿ ಬರಬೇಕು?

ಬೆಲ್ಜಿಯಮ್ಮಿನ ಯಾನ್ಸೆನ್ಸ್ 1909ರಲ್ಲೇ ಇದನ್ನು ಊಹಿಸಿದ್ದ. 1911ರಲ್ಲಿ ಮಾರ್ಗನ್ ಹಣ್ಣುನೊಣದ ಲೆಕ್ಕದಿಂದ ಅದೇ ಮಾತು ಹೇಳಿದ. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್‌ಲಿಂಟಾಕ್ ಎಂಬ ಇಬ್ಬರು ಹೆಣ್ಣುಮಕ್ಕಳು ಮೆಕ್ಕೆಜೋಳದಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿಕೊಟ್ಟರು. ವರಲಕ್ಷ್ಮಿ ಬರುವ ನಲವತ್ತು ವರ್ಷ ಮೊದಲೇ ಗೊತ್ತಿದ್ದ ಸಂಗತಿ ನಮ್ಮ ಹೊಲದ ಬದುವಿಗೆ ಮಾತ್ರ ಬರಲಿಲ್ಲ. ಬೀಜ ಬಂತು, ಅದರ ಗುಣ ಹೇಳುವವರು ಬರಲಿಲ್ಲ.

ಇನ್ನೊಂದು ಮಾತು. ಹೊಸ ತಳಿ ಹುಡುಕುವವರಿಗೆ ಬೇಕಾದದ್ದೂ ಇದೇ ಕಲಬೆರಕೆಯ ಹೊಲ. ಅದರಲ್ಲಿ ಒಳ್ಳೆಯ ಗಿಡ ಆರಿಸಿ, ಹಲವು ತಲೆಮಾರು ಬೆಳೆಸಿ, ಗುಣ ನಿಲ್ಲಿಸುತ್ತಾರೆ. ಅಜ್ಜನ ಹೊಲದಲ್ಲೂ ಅಂಥದ್ದೊಂದು ಗಿಡ ಇತ್ತೋ ಏನೋ. ಸಿಟ್ಟಿನಲ್ಲಿ ಎಲ್ಲವನ್ನೂ ಕಿತ್ತು ಒಲೆಗೆ ಹಾಕಿದ್ದರು.

ಹೊಳಲ್ಕೆರೆಯವರಿಗೆ ಇದನ್ನು ಹೇಳಬೇಕು ಅಂದುಕೊಳ್ಳುತ್ತೇನೆ. ಆದರೆ ಕೇಳಬೇಕಾದ ಹಿರಿಯರು ಅಲ್ಲೂ ಉಳಿದಿಲ್ಲ.