ಒಪ್ಪಿಸುವುದೆಂದರೆ

ನಮ್ಮ ಸೀಮೆಯಲ್ಲಿ ‘ಒಪ್ಪಿಸು’ ಎಂಬ ಮಾತಿಗೆ ಕೈತುಂಬ ಕೆಲಸ. ಮಕ್ಕಳು ಮೇಷ್ಟರಿಗೆ ಮಗ್ಗಿ ಒಪ್ಪಿಸುತ್ತಾರೆ, ಹರಕೆ ಹೊತ್ತವರು ಮಾದಪ್ಪನಿಗೆ ಹರಕೆ ಒಪ್ಪಿಸುತ್ತಾರೆ, ಕಳ್ಳ ಸಿಕ್ಕರೆ ಊರವರು ಪೊಲೀಸರಿಗೆ ಒಪ್ಪಿಸುತ್ತಾರೆ. ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ತಾಯಿ ಮಗಳ ಕೈಯನ್ನು ಬೀಗಿತ್ತಿಯ ಕೈಗಿಟ್ಟು, ‘ನಿಮ್ಮ ಮಡ್ಲಿಗೆ ಹಾಕಿವ್ನಿ ಕನವ್ವ, ಹೆಚ್ಚುಕಮ್ಮಿ ಆದ್ರೆ ಹೊಟ್ಟೆಗಾಕ್ಕೊಳಿ’ ಎನ್ನುತ್ತಾಳಲ್ಲ, ಒಪ್ಪಿಸುವವರ ಅಂಜಿಕೆಯೆಲ್ಲ ಅದರಲ್ಲಿದೆ.

ಇಂಥದೇ ಅಂಜಿಕೆ ಬ್ರಿಟಿಷ್ ಸರ್ಕಾರಕ್ಕೂ ಇತ್ತು. ಅವರು ದೇಶೀಯ ಸಂಸ್ಥಾನಗಳಿಗೆ ಒಪ್ಪಿಸಬೇಕಾದದ್ದು ಕೈದಿಗಳನ್ನು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ನಮ್ಮ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಇಂದು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಾದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಯಳಂದೂರಿನಲ್ಲಿ ದರೋಡೆ ಮಾಡಿ ಕೊಳ್ಳೇಗಾಲಕ್ಕೆ ಓಡಿಬಂದವನು ಕಾನೂನಿನ ಲೆಕ್ಕದಲ್ಲಿ ಬೇರೆ ಸೀಮೆ ಸೇರಿದಂತೆ!

ಅವನನ್ನು ಕರೆಸಿಕೊಳ್ಳಲು 1903ರ ಎಕ್ಸ್‌ಟ್ರಡಿಷನ್ ಕಾಯಿದೆ ಹಾಕಿಕೊಟ್ಟ ದಾರಿ ಬೆಂಗಳೂರಿನಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಅಂದರೆ ರೆಸಿಡೆಂಟರ ಮೂಲಕ. ಅವರು ಕೊಯಮತ್ತೂರಿನ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ವಾರಂಟು ಕಳಿಸಬೇಕು. ಕಳಿಸುವ ಮುನ್ನ ಆಪಾದನೆಯಲ್ಲಿ ಹುರುಳಿದೆಯೇ ಎಂದು ನೋಡಬೇಕು. 1904ರ ನಿಯಮಗಳು ಇನ್ನೂ ಮುಂದೆ ಹೋದವು: ಒಪ್ಪಿಸಿದ ಮೇಲೂ ವಿಚಾರಣೆ ನ್ಯಾಯವಾಗಿ ನಡೆಯಿತೇ, ಶಿಕ್ಷೆ ಅತಿಯಾಯಿತೇ, ಕ್ರೂರವಾಯಿತೇ ಎಂದು ರೆಸಿಡೆಂಟರು ಗಮನಿಸಬೇಕು, ಸಮಾಧಾನವಾಗದಿದ್ದರೆ ಕೈದಿಯನ್ನು ವಾಪಸು ಕೇಳಬೇಕು. 1913ರ ತಿದ್ದುಪಡಿ ಮ್ಯಾಜಿಸ್ಟ್ರೇಟರಿಗೂ ಒಂದು ಅವಕಾಶ ಕೊಟ್ಟಿತು. ಬೇಕೆನಿಸಿದರೆ ಅವರು ಕೈದಿಯನ್ನು ತಡೆದಿಟ್ಟುಕೊಂಡು ಸರ್ಕಾರಕ್ಕೆ ಬರೆಯಬಹುದಿತ್ತು. ಹೆಣ್ಣು ಕೊಟ್ಟವರೂ ಇಷ್ಟು ಕಣ್ಣಿಡುವುದಿಲ್ಲ.

ನಿಯಮ ಮೈಸೂರಿಗಷ್ಟೇ ಅಲ್ಲ, ಎಲ್ಲ ದೇಶೀಯ ಸಂಸ್ಥಾನಗಳಿಗೂ ಒಂದೇ. ಎಲ್ಲ ದೊರೆಗಳ ನ್ಯಾಯವೂ ನೆಟ್ಟಗಿತ್ತು ಎಂದು ನಾನೇನೂ ಹೇಳಲಾರೆ. ಕೈದಿಯ ಮಟ್ಟಿಗೆ ಈ ಎಚ್ಚರ ಒಳ್ಳೆಯದೇ. ಆದರೆ ಮೈಸೂರಿನಲ್ಲಿ ನಡೆಯುತ್ತಿದ್ದದ್ದೂ ಅದೇ ಇಂಡಿಯನ್ ಪೀನಲ್ ಕೋಡು. ತಮ್ಮದೇ ಪುಸ್ತಕ ಬೇರೆಯವರ ಕೈಯಲ್ಲಿದ್ದಾಗ ಬ್ರಿಟಿಷರಿಗೆ ನಂಬಿಕೆ ಸಾಲಲಿಲ್ಲ.

ಎದುರು ದಿಕ್ಕಿನ ಲೆಕ್ಕವೇ ಬೇರೆ. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿಸಿದ ಪತ್ರದಲ್ಲೇ, ರೆಸಿಡೆಂಟರು ಕೇಳಿದ ಆರೋಪಿಯನ್ನು ಮಹಾರಾಜರು ಹಿಡಿಸಿ ಒಪ್ಪಿಸಬೇಕೆಂಬ ಕಲಮಿತ್ತು. ಕೇಳಿದಾಗ ಮಹಾರಾಜರು ಒಪ್ಪಿಸಲೇಬೇಕು, ಬ್ರಿಟಿಷರು ಮಾತ್ರ ತಾವು ಒಪ್ಪಿದರೆ ಒಪ್ಪಿಸುತ್ತಾರೆ. ಯೂರೋಪಿಯನ್ ಬ್ರಿಟಿಷ್ ಪ್ರಜೆಯಾದರಂತೂ ರೆಸಿಡೆಂಟರ ವಾರಂಟು ಅವನಿಗೆ ತಟ್ಟುತ್ತಲೇ ಇರಲಿಲ್ಲ. ಕಾಯಿದೆಯೇ ಅವನನ್ನು ಹೊರಗಿಟ್ಟಿತ್ತು.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. 1903ರ ಕಾಯಿದೆಯ ಜಾಗಕ್ಕೆ ಹೊಸ ಕಾಯಿದೆ ಬಂದದ್ದು 1962ರಲ್ಲಿ.